ಟ್ರಸ್ಟಿನ ಲೆಕ್ಕವೆಲ್ಲ ಅಣ್ಣನ ಬೀರುವಿನಲ್ಲಿ: ಕೇಳಿ ಪಡೆದವರು ಇದ್ದೀರಾ?

ಕಿರಿಯವಳು:
ಅಪ್ಪ ತೀರಿಕೊಳ್ಳುವ ಮೊದಲು ಎರಡು ಮಳಿಗೆಗಳನ್ನು ಮತ್ತು ಒಂದಿಷ್ಟು ಠೇವಣಿಯನ್ನು ಒಂದು ಖಾಸಗಿ ಟ್ರಸ್ಟ್ ಮಾಡಿ ಅದಕ್ಕೆ ಸೇರಿಸಿ, ಆಸ್ತಿಯನ್ನು ನಮ್ಮ ಪರವಾಗಿ ನೋಡಿಕೊಳ್ಳುವ ಟ್ರಸ್ಟಿಯಾಗಿ ಅಣ್ಣನನ್ನು ನೇಮಿಸಿದರು. ಅದರ ಪ್ರಯೋಜನ ಸಲ್ಲಬೇಕಾದ ಫಲಾನುಭವಿಗಳು ನಾವು ಮೂವರು ಮಕ್ಕಳು. ವರ್ಷಕ್ಕೊಮ್ಮೆ ಅಣ್ಣ ನನ್ನ ಖಾತೆಗೆ ಒಂದು ಮೊತ್ತ ಹಾಕುತ್ತಾನೆ. ಅದು ಯಾವ ಲೆಕ್ಕದ ಮೇಲೆ ಬಂತು ಎಂದು ಇವತ್ತಿಗೂ ತಿಳಿದಿಲ್ಲ. ಟ್ರಸ್ಟ್ ಪತ್ರವನ್ನು ಕಣ್ಣಿನಿಂದಲೂ ನೋಡಿಲ್ಲ. ಕೇಳಿದರೆ "ನನ್ನನ್ನೇ ಲೆಕ್ಕ ಕೇಳುವಷ್ಟು ದೊಡ್ಡವಳಾದೆಯಾ" ಎನ್ನುತ್ತಾನೆ. ಒಂದು ಮಳಿಗೆಯಲ್ಲಿ ಅಣ್ಣನ ಮಗನೇ ವ್ಯಾಪಾರ ಮಾಡುತ್ತಿದ್ದಾನೆ. ಬಾಡಿಗೆ ಎಷ್ಟೆಂದು ಯಾರೂ ಹೇಳುವುದಿಲ್ಲ. ಕೋರ್ಟಿಗೆ ಹೋಗುವ ಮನಸ್ಸಿಲ್ಲ. ಇಂಥದ್ದನ್ನು ಕಂಡವರು ಹೇಗೆ ಕೇಳಿದಿರಿ, ಆಮೇಲೆ ಹೋಗಿಬರುವುದು ಉಳಿಯಿತೇ, ದಯವಿಟ್ಟು ತಿಳಿಸಿ.

ಮೂರನೆಯ ಪಾಲು:
ಬಾಯಿಮಾತಿನಲ್ಲಿ ಕೇಳುವುದನ್ನು ಇವತ್ತೇ ನಿಲ್ಲಿಸಿ. ನಾನು ಕೇಳಿ ಪಡೆದವನು, ಅದನ್ನು ಎದೆಯುಬ್ಬಿಸಿಯೇ ಹೇಳುತ್ತೇನೆ. ನನ್ನ ವಿಷಯದಲ್ಲಿ ಕಾಗದಗಳೆಲ್ಲ ಅಕ್ಕನ ಹತ್ತಿರ ಇದ್ದವು. ಮೊದಲು ಹಿಡಿದ ವಕೀಲರು ಭಾರತೀಯ ಟ್ರಸ್ಟ್ ಕಾಯಿದೆಯನ್ನು ತೆರೆದೂ ನೋಡದೆ ಪಾಲುವಿಭಾಗದ ದಾವೆ ಬರೆದರು. ಅವರ ಶುಲ್ಕ 25,000 ರೂಪಾಯಿ, ಟೈಪಿಂಗಿಗೆ 1,800, 'ಇತರೆ' ಎಂದು 4,000. ಆ ಇತರೆ ಯಾವುದು ಎಂದು ಕೇಳಿದ್ದಕ್ಕೆ ಮುಖ ಊದಿಸಿಕೊಂಡರು. ದಾವೆಯನ್ನು ಹಿಂದಕ್ಕೆ ಪಡೆಯಲು ಮತ್ತೆ 5,000. ಎರಡನೆಯ ವಕೀಲೆ 6,500 ರೂಪಾಯಿಯ ಒಂದೇ ನೋಟಿಸಿನಲ್ಲಿ ಕೆಲಸ ಮುಗಿಸಿದರು. ಅದರಲ್ಲಿ ಇದ್ದದ್ದು 1882ರ ಕಾಯಿದೆಯ ಎರಡೇ ಕಲಮುಗಳು: 19 ಮತ್ತು 57. ಟ್ರಸ್ಟಿ ಸ್ಪಷ್ಟವಾದ, ನಿಖರವಾದ ಲೆಕ್ಕ ಇಡಬೇಕು, ಫಲಾನುಭವಿ ಸೂಕ್ತ ಸಮಯದಲ್ಲಿ ಕೇಳಿದರೆ ಆಸ್ತಿ ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪೂರ್ಣ ಮಾಹಿತಿ ಕೊಡಬೇಕು ಎನ್ನುವುದು 19. ಟ್ರಸ್ಟ್ ಪತ್ರ, ಟ್ರಸ್ಟ್ ಆಸ್ತಿಯ ಹಕ್ಕುಪತ್ರ, ಲೆಕ್ಕ, ಲೆಕ್ಕಕ್ಕೆ ಆಧಾರವಾದ ವೋಚರು ಇವನ್ನೆಲ್ಲ ನೋಡಿ ನಕಲು ಮಾಡಿಕೊಳ್ಳಬಹುದು ಎನ್ನುವುದು 57.

ವೋಚರನ್ನು ಮಾತ್ರ ಬಿಡಬೇಡಿ. ಅಕ್ಕ ಮೊದಲು ಕಳಿಸಿದ್ದು ಒಂದೇ ಹಾಳೆ, ಕೆಳಗೆ ಲೆಕ್ಕಪರಿಶೋಧಕರ ಮೊಹರು, ನೋಡಲು ಬಲು ಅಚ್ಚುಕಟ್ಟು. ವೋಚರುಗಳೂ ಬೇಕು ಎಂದು ಪಟ್ಟು ಹಿಡಿದ ಮೇಲೆ ಸುಣ್ಣಬಣ್ಣದ ರಸೀದಿಗಳು ಹೊರಬಂದವು. ಮೂರು ಬೇರೆ ಬೇರೆ ವರ್ಷದ ತಾರೀಖು, ಆದರೆ ಒಂದೇ ಪುಸ್ತಕದ ರಸೀದಿ ಸಂಖ್ಯೆ 41, 42, 43. ಒಂದೇ ನೀಲಿ ಶಾಯಿ. 'ಪಾವತಿಸಲಾಗಿದೆ' ಎಂಬಲ್ಲಿ ಮೂರರಲ್ಲೂ 'ಪಾವಥಿ'. ಮೂರು ವರ್ಷ ಬಣ್ಣದವನಿಗೆ ನಮ್ಮನ್ನು ಬಿಟ್ಟು ಬೇರೆ ಗಿರಾಕಿಯೇ ಸಿಗಲಿಲ್ಲವೆಂದು ನಂಬಬೇಕಿತ್ತೇ? ಹಣ ಟ್ರಸ್ಟಿನ ಖಾತೆಗೆ ಮರಳಿತು. ಅಕ್ಕ ಮಾತು ಬಿಟ್ಟಳು. ಬಿಡಲಿ.

ಬೀಗದ ಕೈ ನನ್ನದು:
"ಬಿಡಲಿ" ಎಂದು ಬರೆಯುವುದು ಎಷ್ಟು ಸುಲಭ! ನಾನು ಇನ್ನೊಂದು ಬದಿಯವನು, ಟ್ರಸ್ಟಿ. 19, 57 ಎಂದು ಬಾಯಿಪಾಠ ಒಪ್ಪಿಸುವವರು 50ನ್ನೂ ಓದಿಕೊಳ್ಳಿ. ಪತ್ರದಲ್ಲಿ ಬರೆದಿರಬೇಕು, ಒಪ್ಪಿಕೊಳ್ಳುವಾಗ ಕರಾರಾಗಿರಬೇಕು, ಇಲ್ಲವೇ ಕೋರ್ಟು ಹೇಳಬೇಕು. ಹಾಗಿಲ್ಲದಿದ್ದರೆ ಟ್ರಸ್ಟಿಗೆ ಒಂದು ಕಾಸಿನ ಸಂಭಾವನೆಯೂ ಇಲ್ಲ. ಒಮ್ಮೆ ಒಪ್ಪಿಕೊಂಡ ಮೇಲೆ ನನ್ನಿಂದ ಆಗದು ಎಂದು ಎದ್ದು ಹೋಗಲು 46 ಬಿಡುವುದಿಲ್ಲ. ಬಾಡಿಗೆದಾರ 38,400 ರೂಪಾಯಿ ವಿದ್ಯುತ್ ಬಾಕಿ ಉಳಿಸಿ ರಾತ್ರೋರಾತ್ರಿ ಖಾಲಿ ಮಾಡಿದಾಗ ಕಟ್ಟಿದವನು ನಾನು. ಚಾವಣಿ ಸೋರಿ ಕೆಳಗಿನ ಅಂಗಡಿಯ ಸರಕು ನೆನೆದಾಗ 1,12,000 ಪರಿಹಾರಕ್ಕೆ ಕೂತು ಮಾತಾಡಿ 70,000ಕ್ಕೆ ಇಳಿಸಿದವನು ನಾನು. ಕೈಯಿಂದ ಹಾಕಿದ ದುಡ್ಡನ್ನು 32ನೆಯ ಕಲಮಿನಂತೆ ಟ್ರಸ್ಟಿನಿಂದ ವಾಪಸು ಪಡೆದೆ. ನನ್ನ ತಮ್ಮ ಅದನ್ನೇ ಹಿಡಿದು "ಅಣ್ಣ ಟ್ರಸ್ಟಿನ ದುಡ್ಡು ಎತ್ತಿದ" ಎಂದು ನೆಂಟರ ಮನೆಮನೆಗೂ ಸುದ್ದಿ ಮುಟ್ಟಿಸಿದ. ನೋಟಿಸ್ ಕಳಿಸಿದ್ದು ನನ್ನ ಕಚೇರಿಯ ವಿಳಾಸಕ್ಕೆ. ಸಹೋದ್ಯೋಗಿಗಳ ಎದುರು ಸಹಿ ಹಾಕಿ ತೆಗೆದುಕೊಂಡೆ.

ಇನ್ನೊಂದು ಮಾತು. 57ರಲ್ಲಿ ವಕೀಲರ ಅಭಿಪ್ರಾಯವನ್ನೂ ನೋಡಬಹುದು ಎಂದು ಕುಣಿಯುವವರಿದ್ದಾರೆ. ಟ್ರಸ್ಟ್ ನಡೆಸಲು ದಾರಿ ಕೇಳಿ ಪಡೆದ ಅಭಿಪ್ರಾಯ ಮಾತ್ರ ಅದರಲ್ಲಿ ಬರುತ್ತದೆ. ನಿಮ್ಮಂಥವರಿಂದ ತಲೆ ಉಳಿಸಿಕೊಳ್ಳಲು ಸ್ವಂತ ದುಡ್ಡಿನಲ್ಲಿ ಪಡೆದದ್ದು ನನ್ನ ಸ್ವತ್ತು. ನಾನು ಎಲ್ಲ ಲೆಕ್ಕವನ್ನೂ ತೋರಿಸಿದೆ, ಪುಟಕ್ಕೆ ಎರಡು ರೂಪಾಯಿಯಂತೆ ನಕಲಿನ ಖರ್ಚನ್ನೂ ವಸೂಲು ಮಾಡಿದೆ.

ಮೂರನೆಯ ಪಾಲು:
ತಮ್ಮನಿಂದ ಪುಟಕ್ಕೆ ಎರಡು ರೂಪಾಯಿ! ಇದನ್ನು ಬರೆಯಲು ನಾಚಿಕೆಯಾಗಲಿಲ್ಲವೇ?

ಬೀಗದ ಕೈ ನನ್ನದು:
612 ಪುಟ ಸ್ವಾಮಿ. ಯಂತ್ರದ ಮುಂದೆ ನಿಂತವನು ನಾನು. ಟ್ರಸ್ಟಿನ ಖಾತೆಯಿಂದ ಕೊಟ್ಟಿದ್ದರೆ ಅದಕ್ಕೂ ವೋಚರು ಕೇಳುತ್ತಿದ್ದಿರಿ.

ವಾಯಿದೆ ಕಂಡವಳು:
ನೋಟಿಸಿಗೆ ಬಗ್ಗುವ ಒಡಹುಟ್ಟಿದವರು ಸಿಕ್ಕಿದ್ದು ನಿಮ್ಮ ಪುಣ್ಯ. ನನ್ನ ಅಣ್ಣ ನೋಟಿಸಿಗೆ ಉತ್ತರವನ್ನೇ ಕೊಡಲಿಲ್ಲ. ನಮ್ಮ ಟ್ರಸ್ಟ್ ಪತ್ರದಲ್ಲಿ ವ್ಯಾಜ್ಯ ಬಂದರೆ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗೆ ಪಂಚರ ತೀರ್ಮಾನ ಎಂದು ಬರೆದಿತ್ತು. ಅದನ್ನು ನಂಬಿಸಿ ನಮ್ಮನ್ನು ಒಬ್ಬ ನಿವೃತ್ತರ ಮುಂದೆ ಕೂರಿಸಿದರು, ಪ್ರತಿ ಬೈಠಕ್ಕಿಗೆ 15,000, ಅದರಲ್ಲಿ ನನ್ನ ಪಾಲು 7,500. ಸಾಕಷ್ಟು ಬೈಠಕ್ಕುಗಳಾದ ಮೇಲೆ ಅಣ್ಣನ ಕಡೆಯವರೇ ಎದ್ದು ನಿಂತು, ಖಾಸಗಿ ಟ್ರಸ್ಟಿನ ಜಗಳ ಆರ್ಬಿಟ್ರೇಷನ್‌ಗೆ ಬರುವುದಿಲ್ಲ ಎಂದು 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಎಂದರು. ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು, ನಾನು ಸುಸ್ತಾಗಲಿ ಎಂದು ಕಾದಿದ್ದರು.

ಆಮೇಲೆ ಲೆಕ್ಕ ಕೊಡಿಸಿ ಎಂಬ ಸಿವಿಲ್ ದಾವೆ. ಕಾಲಮಿತಿ ಮೀರಿದೆ ಎಂದು ತಕರಾರು ತೆಗೆದರು; 1963ರ ಕಾಲಮಿತಿ ಕಾಯಿದೆಯ 10ನೆಯ ಕಲಮಿನಿಂದ ಅದು ಬಿದ್ದುಹೋಯಿತು, ನಿರ್ದಿಷ್ಟ ಉದ್ದೇಶಕ್ಕೆ ಆಸ್ತಿಯನ್ನು ವಹಿಸಿಕೊಂಡ ಟ್ರಸ್ಟಿಯಿಂದ ಲೆಕ್ಕ ಕೇಳಲು ಗಡುವಿಲ್ಲ. ಲೆಕ್ಕದ ದಾವೆಯಲ್ಲಿ ಒಂದೇ ಏಟಿಗೆ ತೀರ್ಪು ಬರುವುದಿಲ್ಲ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಮೊದಲು ಪ್ರಾಥಮಿಕ ಡಿಕ್ರಿ (ಕೋರ್ಟಿನ ಮೊದಲ ಹಂತದ ಆದೇಶ), ನಂತರ ಲೆಕ್ಕ ನೋಡಲು ಕೋರ್ಟು ನೇಮಿಸುವ ಕಮಿಷನರ್, ಅವರ ವರದಿಗೆ ಆಕ್ಷೇಪ, ಆಕ್ಷೇಪಕ್ಕೆ ಉತ್ತರ, ಅದಾದ ಮೇಲೆ ಅಂತಿಮ ಡಿಕ್ರಿ. ಕಮಿಷನರ್ ಶುಲ್ಕ 60,000, ಅರ್ಧ ನನ್ನದು. ಅವರ ಮುಂದೆ ಅಣ್ಣ ತಂದಿಟ್ಟದ್ದು ಗೆದ್ದಲು ತಿಂದ ಒಂದು ರಟ್ಟಿನ ಪೆಟ್ಟಿಗೆ. ಗೆದ್ದಲು ಬಾಡಿಗೆಯ ರಸೀದಿಗಳನ್ನು ಮಾತ್ರ ಆರಿಸಿ ತಿಂದಿತ್ತು, ಖರ್ಚಿನ ರಸೀದಿಗಳು ಗರಿಗರಿಯಾಗಿದ್ದವು! ಕೊನೆಗೆ ಮಧ್ಯಸ್ಥಿಕೆ ಕೇಂದ್ರದಲ್ಲಿ ರಾಜಿಯಾಯಿತು. ಬಂದದ್ದು ನಾಲ್ಕು ಲಕ್ಷ ಚಿಲ್ಲರೆ, ಖರ್ಚು ಕಳೆದರೆ ಉಳಿದದ್ದನ್ನು ಹೇಳಲು ಬೇಸರ.

ಎರಡನೆಯ ಮನೆ:
ಇಷ್ಟೆಲ್ಲ ಯಾಕೆ? ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ನೇರವಾಗಿ ಪಾಲು ಕೇಳಲಿ. ನನ್ನ ಹೆಂಡತಿ ಹಾಗೆಯೇ ಪಡೆದಳು, ಒಂದು ಮಾತಿಗೆ ಮೈದಾನ ಬಿಟ್ಟು ಓಡಿದರು. ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಲಿ, ಹತ್ತು ರೂಪಾಯಿಯಲ್ಲಿ ಮುಗಿಯುತ್ತದೆ.

ಲೆಡ್ಜರ್:
ನಿಮ್ಮ ಹೆಂಡತಿಯ ಮನೆಯದು ಅವಿಭಕ್ತ ಕುಟುಂಬದ ಆಸ್ತಿ. ಇಲ್ಲಿರುವುದು ಅಪ್ಪ ಪತ್ರ ಬರೆದು ಟ್ರಸ್ಟಿಗೆ ಹಾಕಿದ ಆಸ್ತಿ. ಅವಿಭಕ್ತ ಕುಟುಂಬದ ಸದಸ್ಯರ ಪರಸ್ಪರ ಸಂಬಂಧಕ್ಕೆ ಟ್ರಸ್ಟ್ ಕಾಯಿದೆ ಅನ್ವಯಿಸುವುದಿಲ್ಲ ಎಂದು ಅದರ ಮೊದಲ ಕಲಮಿನಲ್ಲೇ ಇದೆ. ಎರಡನ್ನೂ ಕಲಸಿದ್ದರಿಂದಲೇ ಮೂರನೆಯ ಪಾಲು ಅವರ ಮೊದಲ ವಕೀಲರು ಎಡವಿದ್ದು. ಮಾಹಿತಿ ಹಕ್ಕು ಇರುವುದು ಸಾರ್ವಜನಿಕ ಪ್ರಾಧಿಕಾರಗಳ ಮೇಲೆ, ಅಣ್ಣನ ಬೀರುವಿನ ಮೇಲಲ್ಲ.

ಎರಡನೆಯ ಮನೆ:
ಸಲಹೆ ಕೊಟ್ಟವರ ಮೇಲೆ ಎಗರುವುದು ಇಲ್ಲಿನ ಪದ್ಧತಿಯೇ? ಹಾಗಾದರೆ ಪೊಲೀಸರಿಗೆ ಹೇಳಲಿ, ನಂಬಿಕೆ ದ್ರೋಹ, ಭಾರತೀಯ ನ್ಯಾಯ ಸಂಹಿತೆಯ 316.

ವಾಯಿದೆ ಕಂಡವಳು:
ಹೋಗಿದ್ದೆ. ಆಗ ಅದು ದಂಡ ಸಂಹಿತೆಯ 406. "ಅಣ್ಣ ತಂಗಿಯ ಜಗಳ, ಸಿವಿಲ್ ಕೋರ್ಟಿಗೆ ಹೋಗಿ" ಎಂದು ಬೆಂಚಿನಲ್ಲಿ ಕೂರಿಸಿ ಕಳಿಸಿದರು. ಅಪ್ರಾಮಾಣಿಕತೆ ತೋರಿಸಲು ಮೊದಲು ಲೆಕ್ಕ ಕೈಯಲ್ಲಿರಬೇಕು, ಲೆಕ್ಕ ಸಿಗದೆ ತಾನೇ ಅಲ್ಲಿಗೆ ಹೋದದ್ದು.

ಲೆಡ್ಜರ್:
ಇಷ್ಟು ಜನ ಬರೆದರು, ಕಿರಿಯವಳು ಇನ್ನೂ ಪತ್ರವನ್ನೇ ನೋಡಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಇಂಥ ಲೆಕ್ಕ ಬರೆದವನು, ಅಣ್ಣಂದಿರ ಪರವಾಗಿಯೂ ಬರೆದಿದ್ದೇನೆ. ಸ್ಥಿರಾಸ್ತಿಯನ್ನು ಟ್ರಸ್ಟಿಗೆ ಹಾಕಬೇಕಾದರೆ ನೋಂದಾಯಿತ ಪತ್ರವಿರಬೇಕು, ಇಲ್ಲವೇ ಉಯಿಲಿರಬೇಕು. ಮಳಿಗೆಗಳಿವೆ ಎಂದ ಮೇಲೆ ಪತ್ರ ಉಪನೋಂದಣಾಧಿಕಾರಿಯ ಕಚೇರಿಯ ಒಂದನೆಯ ಪುಸ್ತಕದಲ್ಲಿ ನಕಲಾಗಿರುತ್ತದೆ. 1908ರ ನೋಂದಣಿ ಕಾಯಿದೆಯ 57ರಂತೆ (ಅಲ್ಲಿಯೂ 57, ಏನು ಮಾಡೋಣ) ಆ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ಅಣ್ಣನ ಅಪ್ಪಣೆ ಬೇಡ, ಅವನಿಗೆ ತಿಳಿಯಬೇಕಾಗಿಯೂ ಇಲ್ಲ. ಉಯಿಲು ನೋಂದಣಿಯಾಗಿದ್ದರೆ ಅದು ಮೂರನೆಯ ಪುಸ್ತಕ. ಬರೆದವರು ತೀರಿಕೊಂಡ ಮೇಲೆ ಅದರ ನಕಲೂ ಸಿಗುತ್ತದೆ. ಜೊತೆಗೆ ಎರಡೂ ಮಳಿಗೆಗಳ ಋಣಭಾರ ಪ್ರಮಾಣಪತ್ರ ತೆಗೆಸಿ. ಅಡಮಾನ, ನೋಂದಾಯಿತ ಗುತ್ತಿಗೆ ಇದ್ದರೆ ಅಲ್ಲೇ ಕಾಣುತ್ತದೆ. ಪತ್ರ ಓದಿದ ಮೇಲೆ ಲೆಕ್ಕ ಕೇಳಿ. ಪಾಲು ಎಷ್ಟು ಎಂದು ತಿಳಿಯದೆ ಲೆಕ್ಕ ನೋಡಿದರೆ ಅಂಕಿಗಳು ಬರೀ ಅಂಕಿಗಳಾಗಿಯೇ ಉಳಿಯುತ್ತವೆ.

ಇನ್ನು ಅಣ್ಣನ ಮಗನ ಮಳಿಗೆ. ಟ್ರಸ್ಟ್ ಕಾಯಿದೆಯ 36 ನೋಡಿ. ಕೋರ್ಟಿನ ಅನುಮತಿ ಇಲ್ಲದೆ ಟ್ರಸ್ಟಿ 21 ವರ್ಷಕ್ಕೂ ಹೆಚ್ಚಿನ ಗುತ್ತಿಗೆ ಕೊಡುವಂತಿಲ್ಲ, ನ್ಯಾಯವಾಗಿ ಸಿಗಬಹುದಾದ ಅತ್ಯುತ್ತಮ ವಾರ್ಷಿಕ ಬಾಡಿಗೆಗಿಂತ ಕಡಿಮೆಗೂ ಕೊಡುವಂತಿಲ್ಲ. ಮಗನಿಗೆ ಕೊಡಬಾರದು ಎಂದು ಅದರಲ್ಲಿಲ್ಲ, ಅಗ್ಗವಾಗಿ ಕೊಡಬಾರದು ಎಂದಿದೆ. ಅಕ್ಕಪಕ್ಕದ ಮಳಿಗೆಯ ಬಾಡಿಗೆ ವಿಚಾರಿಸಿ ಇಟ್ಟುಕೊಳ್ಳಿ.

ಬೀಗದ ಕೈ ನನ್ನದು:
ಮಕ್ಕಳು ಬಾಡಿಗೆಗೆ ಇದ್ದರೆ ಅಷ್ಟು ದೊಡ್ಡ ಅಪರಾಧವೇ? ಹೊರಗಿನವನು ಬಾಕಿ ಇಟ್ಟು ಓಡಿದ ಮೇಲೆ ನನ್ನ ಮಗನೇ ಬಂದು ಮಳಿಗೆ ಹಿಡಿದ. ಒಂದು ತಿಂಗಳೂ ತಪ್ಪಿಸಿಲ್ಲ.

ಮೂರನೆಯ ಪಾಲು:
ಓಹೋ! ಈಗ ಹೊರಬಿತ್ತು. ಎಷ್ಟಕ್ಕೆ?

ಬೀಗದ ಕೈ ನನ್ನದು:
ಅದು ನನ್ನ ಫಲಾನುಭವಿಗಳಿಗೆ ಹೇಳಬೇಕಾದ್ದು, ನಿಮಗಲ್ಲ. 57ರಲ್ಲಿ ನಿಮ್ಮ ಹೆಸರಿಲ್ಲ.

ವಾಯಿದೆ ಕಂಡವಳು:
ಅವರ ತಮ್ಮ ಇದನ್ನು ಓದುತ್ತಿದ್ದರೆ ದಯವಿಟ್ಟು 612 ಪುಟಗಳಲ್ಲಿ ಬಾಡಿಗೆ ಕರಾರನ್ನು ಹುಡುಕಿಕೊಳ್ಳಿ.

ಕಿರಿಯವಳು:
ಎಲ್ಲರಿಗೂ ಧನ್ಯವಾದ. ನಕಲಿಗೆ ಅರ್ಜಿ ಕೊಟ್ಟಿದ್ದೇನೆ. ಅದು ಬಂದ ಮೇಲೆ ವಕೀಲರ ನೋಟಿಸಿಗೂ ಮೊದಲು ನಾನೇ ಅಣ್ಣನಿಗೆ ಪತ್ರ ಬರೆಯುತ್ತೇನೆ, ವೋಚರು ಎಂಬುದನ್ನೂ ಸೇರಿಸಿ. ಮನೆಯ ವಿಳಾಸಕ್ಕೇ ಕಳಿಸುತ್ತೇನೆ, ಕಚೇರಿಗಲ್ಲ. ಹೋಗಿಬರುವುದು ಉಳಿಯಿತೇ ಎಂದು ಕೇಳಿದ್ದೆ, ಅದಕ್ಕೆ ಯಾರೂ ಉತ್ತರಿಸಲಿಲ್ಲ.

ಲೆಡ್ಜರ್:
ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ್ದಕ್ಕೆ ದಾಖಲೆಯನ್ನು ಇಟ್ಟುಕೊಳ್ಳಿ. ಮೂವತ್ತು ದಿನ ಗಡುವು ಕೊಡಿ. ಇನ್ನೊಬ್ಬ ಒಡಹುಟ್ಟಿದವರೂ ಸಹಿ ಹಾಕಿದರೆ ಒಳ್ಳೆಯದು.

ಬೀಗದ ಕೈ ನನ್ನದು:
ಪುಟಕ್ಕೆ ಎರಡು ರೂಪಾಯಿಯನ್ನೂ ಸಿದ್ಧವಾಗಿಟ್ಟುಕೊಳ್ಳಿ.

ಮೂರನೆಯ ಪಾಲು:
ಕೊಡಬೇಡಿ. ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ, ನಾನು ಹಾಗೆಯೇ ಮಾಡಿದ್ದು.