ಕೈದಿಗೆ ‘ಆಶ್ರಯ ನೀಡುವುದು’: ಕಲಂ 253ಕ್ಕೆ ಒಪ್ಪುವ ಪದ ಯಾವುದು?

ಮಾನ್ಯರೇ,

ಭಾರತೀಯ ನ್ಯಾಯ ಸಂಹಿತೆಯ ಕಲಂ 253ನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆಯುವಾಗ ಎದುರಾದ ಪದದ ತೊಡಕೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ.

2024ರ ಜುಲೈ 1ಕ್ಕೆ ಮೊದಲು ದಂಡ ಸಂಹಿತೆಯ ಕಲಂ 216 ಆಗಿದ್ದ ಈ ನಿಯಮವು, ಕಾನೂನುಬದ್ಧ ಬಂಧನದಿಂದ ತಪ್ಪಿಸಿಕೊಂಡವನನ್ನು ಅಥವಾ ಬಂಧನದ ಆದೇಶಕ್ಕೆ ಒಳಗಾದವನನ್ನು, ಆ ಸಂಗತಿ ಗೊತ್ತಿದ್ದೂ, ಅವನು ಸೆರೆ ಸಿಗಬಾರದೆಂಬ ಉದ್ದೇಶದಿಂದ ಇರಿಸಿಕೊಂಡವರಿಗೆ ಇಲ್ಲವೇ ಬಚ್ಚಿಟ್ಟವರಿಗೆ ಅನ್ವಯಿಸುತ್ತದೆ. ಅವನ ಅಪರಾಧಕ್ಕೆ ಮರಣದಂಡನೆ ವಿಧಿಸಬಹುದಾದರೆ ಇವರಿಗೆ 7 ವರ್ಷದವರೆಗೆ ಸೆರೆವಾಸ ಮತ್ತು ಜುಲ್ಮಾನೆ. ಜೀವಾವಧಿ ಅಥವಾ 10 ವರ್ಷದ ಶಿಕ್ಷೆಯುಳ್ಳದ್ದಾದರೆ 3 ವರ್ಷದವರೆಗೆ. ಅದಕ್ಕೂ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಗರಿಷ್ಠ ಅವಧಿಯ ನಾಲ್ಕನೇ ಒಂದು ಭಾಗದ ಲೆಕ್ಕವಿದೆ. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ನೆರವಾದರೆ ವಿನಾಯಿತಿಯುಂಟು. ಹೆತ್ತ ತಾಯಿಗೆ ಅದಿಲ್ಲವೆಂಬುದು ಹಲವರಿಗೆ ಅಚ್ಚರಿ ತಂದೀತು.

ತೊಡಕಿರುವುದು ಮೂಲದ ‘ಹಾರ್ಬರ್’ ಎಂಬ ಪದದಲ್ಲಿ. ಪತ್ರಿಕೆಗಳು ಇದನ್ನು ‘ಆಶ್ರಯ ನೀಡುವುದು’ ಎಂದೇ ಬರೆಯುತ್ತವೆ. ಆದರೆ ಸಂಹಿತೆಯ ವ್ಯಾಖ್ಯೆಯ ಪ್ರಕಾರ ತಂಗಲು ಜಾಗ, ಊಟ, ಕುಡಿಯಲು ನೀರು, ಹಣ, ಬಟ್ಟೆ, ಆಯುಧ, ಮದ್ದುಗುಂಡು, ವಾಹನ ಒದಗಿಸುವುದೂ, ಬಂಧನ ತಪ್ಪಿಸಲು ಬೇರಾವ ಬಗೆಯಲ್ಲಿ ನೆರವಾಗುವುದೂ ಇದರೊಳಗೆ ಬರುತ್ತವೆ. ಹೀಗಾಗಿ, ಓಡಿಬಂದವನನ್ನು ಮನೆಯ ಹೊಸ್ತಿಲು ದಾಟಿಸದೆ, ಹೊಲದ ಬದುವಿನಲ್ಲೇ ಬುತ್ತಿ ಕೊಟ್ಟು, ಪೊಲೀಸರ ಕಣ್ಣು ತಪ್ಪಿಸಲೆಂದು ಬೈಕಿನಲ್ಲಿ ಕೂರಿಸಿಕೊಂಡು ಪಕ್ಕದ ತಾಲ್ಲೂಕಿಗೆ ಬಿಟ್ಟುಬಂದವನೂ ಅಪರಾಧಿಯೇ. ‘ಆಶ್ರಯ’ವೆಂದರೆ ಸೂರು ಎಂದುಕೊಂಡವನು ತಾನು ಆಶ್ರಯವನ್ನೇ ಕೊಡಲಿಲ್ಲವಲ್ಲ ಎಂದು ನಿಶ್ಚಿಂತನಾಗಿದ್ದುಬಿಡಬಹುದು. ಮೇಲಾಗಿ, ವ್ಯಾಖ್ಯೆಯ ಪಟ್ಟಿಯ ಮೊದಲ ಬಾಬ್ತನ್ನೂ ‘ಆಶ್ರಯ’ ಎಂದೇ ಕರೆದರೆ ‘ಆಶ್ರಯ ಎಂಬುದು ಆಶ್ರಯವನ್ನು ಒಳಗೊಳ್ಳುತ್ತದೆ’ ಎಂಬ ವಿಚಿತ್ರ ವಾಕ್ಯ ಹುಟ್ಟುತ್ತದೆ.

‘ಇಂಬು ಕೊಡು’ ಹಳೆಯ ಅರ್ಥದಲ್ಲಿ ಚೆನ್ನಾಗಿ ಹೊಂದುತ್ತದೆ, ಆದರೆ ಇಂದಿನ ಬಳಕೆಯಲ್ಲಿ ಅದು ವದಂತಿಗೂ ಅನುಮಾನಕ್ಕೂ ಮೀಸಲಾದಂತಿದೆ. ‘ಕುಮ್ಮಕ್ಕು’ ಸಲ್ಲದು, ಅದು ಅಪರಾಧ ಮಾಡಲು ಪ್ರಚೋದಿಸುವ ಬೇರೆಯೇ ಕೃತ್ಯಕ್ಕೆ ರೂಢಿಯಲ್ಲಿದೆ. ಅಪರಾಧದ ಹೆಸರಿಗೆ ‘ಆಶ್ರಯ’ವನ್ನೇ ಉಳಿಸಿಕೊಂಡು, ಪಟ್ಟಿಯಲ್ಲಿ ‘ತಂಗಲು ಜಾಗ’ ಎಂದು ಬರೆದು, ‘ಬಚ್ಚಿಡುವುದು’ ಎಂಬುದನ್ನು ಪ್ರತ್ಯೇಕ ಕೃತ್ಯವಾಗಿ ಇಡುವುದು ಮೇಲೆಂದು ನನಗೆ ತೋರುತ್ತದೆ.

ಇನ್ನೊಂದು ಸಂದೇಹ: ಬೀಗ ಒಡೆದು ಓಡಿದವನನ್ನೂ, ಒಮ್ಮೆಯೂ ಕೈಗೆ ಸಿಗದವನನ್ನೂ ವರದಿಗಳು ‘ತಲೆಮರೆಸಿಕೊಂಡವನು’ ಎಂದೇ ಕರೆಯುತ್ತವೆ. ಕಲಂ ಇಬ್ಬರನ್ನೂ ಬೇರೆಬೇರೆಯಾಗಿ ಹೇಳುವುದರಿಂದ ಮೊದಲನೆಯವನಿಗೆ ‘ತಪ್ಪಿಸಿಕೊಂಡವನು’ ಎಂದಷ್ಟೇ ಬಳಸಬಹುದೇ? ನ್ಯಾಯಾಲಯದ ಕನ್ನಡ ತೀರ್ಪುಗಳಲ್ಲಿ ಬೇರೆ ರೂಢಿಯಿದ್ದರೆ ದಯವಿಟ್ಟು ತಿಳಿಸಿ.