ವಿನೈಲ್ ಕಟರ್: ಮೂಲೆಯಲ್ಲಿ ಕಿವಿ, ಅಳತೆ ಜಾಸ್ತಿ, ನಡುವೆ ಅಡ್ಡಗೆರೆ

ಅಂಚುಗೆರೆ:

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಇಡುವಂಥ ಚಿಕ್ಕ ವಿನೈಲ್ ಕಟರ್ (ಸ್ಟಿಕರ್ ಹಾಳೆ ಕತ್ತರಿಸುವ ಮಷಿನ್) ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ. ಜೊತೆಗೆ ಮ್ಯಾನ್ಯುಯಲ್ ಇರಲಿಲ್ಲ. ಯುಎಸ್‌ಬಿ ಕೇಬಲ್ ಹಾಕಿದರೆ ಕಂಪ್ಯೂಟರ್‌ಗೆ ಸೀರಿಯಲ್ ಪೋರ್ಟ್ ಆಗಿ ಕಾಣುತ್ತದೆ. ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನ ಪ್ಲಾಟ್ ಎಕ್ಸ್‌ಟೆನ್ಷನ್‌ನಿಂದ ಎಚ್‌ಪಿಜಿಎಲ್ (ಪೆನ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಆದೇಶಗಳು) ಕಳಿಸುತ್ತಿದ್ದೇನೆ. ಮಷಿನ್ ಓಡುತ್ತದೆ, ಕತ್ತರಿಸುತ್ತದೆ. ಆದರೆ ತೊಂದರೆಗಳು ಹಲವು:

ಚೌಕದ ಪ್ರತಿ ಮೂಲೆಯಲ್ಲೂ ಹೊರಗೆ ಚಾಚಿದ ಸಣ್ಣ ಕಿವಿ ಬರುತ್ತದೆ. ವೃತ್ತ ಶುರುವಾದ ಜಾಗಕ್ಕೆ ಬಂದು ಸರಿಯಾಗಿ ಕೂಡುವುದಿಲ್ಲ. 100 ಮಿ.ಮೀ. ಚೌಕ ಕೊಟ್ಟರೆ ಹತ್ತಿರ ಹತ್ತಿರ 101.6 ಬರುತ್ತದೆ. ಡಿಸೈನ್ ದೊಡ್ಡದಾದರೆ ಅರ್ಧದಲ್ಲಿ ಒಂದು ಉದ್ದನೆಯ ಗೆರೆ ಇಡೀ ಹಾಳೆಯ ಮೇಲೆ ಅಡ್ಡ ಕತ್ತರಿಸಿಬಿಡುತ್ತದೆ. ಚಿಕ್ಕ ಅಕ್ಷರಗಳಂತೂ ಕತ್ತರಿಸುವಾಗಲೇ ಎದ್ದು ಬರುತ್ತವೆ.

ಬ್ಲೇಡ್ 45 ಡಿಗ್ರಿಯದು, ಹೊಸದು. ಫೋರ್ಸ್ (ಬ್ಲೇಡ್ ಒತ್ತುವ ಬಲ) ಹೆಚ್ಚು ಕಡಿಮೆ ಮಾಡಿ ನೋಡಿದೆ, ಕಿವಿ ಹೋಗಲಿಲ್ಲ. ಎಲ್ಲಿಂದ ಶುರು ಮಾಡಲಿ?

ನೇರಗೆರೆ:

ಮೊದಲು ಬ್ಲೇಡ್ ತೆಗೆದು ಪಕ್ಕಕ್ಕಿಡಿ. ಆ ಜಾಗಕ್ಕೆ ಪೆನ್ ಹಾಕಿ, ವಿನೈಲ್ ಬದಲು ಸಾದಾ ಕಾಗದ ಇಡಿ. ಮಷಿನ್ ಜೊತೆ ಪೆನ್ ಹೋಲ್ಡರ್ ಬಂದಿಲ್ಲದಿದ್ದರೆ ತೆಳ್ಳನೆಯ ಬಾಲ್ ಪೆನ್ ರೀಫಿಲ್‌ಗೆ ಟೇಪ್ ಸುತ್ತಿ ಅದೇ ಹಿಡಿಕೆಯಲ್ಲಿ ಅಲ್ಲಾಡದ ಹಾಗೆ ನೇರವಾಗಿ ಕೂರಿಸಬಹುದು.

ಯಾಕೆ ಅಂದರೆ, ವಿನೈಲ್ ಮೇಲೆ ನೋಡುವಾಗ ಎಲ್ಲ ದೋಷಗಳೂ ಒಟ್ಟಿಗೆ ಕಾಣುತ್ತವೆ. ಕಂಪ್ಯೂಟರ್ ತಪ್ಪು ಕಳಿಸಿತೋ, ರೋಲರ್ ಜಾರಿತೋ, ಬ್ಲೇಡ್ ತಿರುಗಲಿಲ್ಲವೋ ಗೊತ್ತಾಗುವುದಿಲ್ಲ. ಪೆನ್ನಿಗೆ ಆಫ್‌ಸೆಟ್ (ತುದಿ ಅಕ್ಷದಿಂದ ಪಕ್ಕಕ್ಕಿರುವ ದೂರ) ಇಲ್ಲ, ಆಳ ಇಲ್ಲ, ಅದು ತಿರುಗುವ ಅಗತ್ಯವೂ ಇಲ್ಲ. ಪೆನ್ ಬರೆದಾಗಲೂ ಇರುವ ದೋಷ ಬ್ಲೇಡಿನದ್ದಲ್ಲ. ಫೋರ್ಸ್ ಮುಟ್ಟುವ ಮೊದಲು ಇದನ್ನು ಮಾಡಲೇಬೇಕು ಅನ್ನುವವನು ನಾನು.

ಇಂಕ್‌ಸ್ಕೇಪ್‌ನಲ್ಲಿ ಟೂಲ್ ಆಫ್‌ಸೆಟ್ 0, ಓವರ್‌ಕಟ್ 0 ಮಾಡಿ. ಮಷಿನ್ ಮೆನುವಿನಲ್ಲಿ ಏನನ್ನೂ ಬದಲಿಸಬೇಡಿ. ಒಂದು ಚೌಕ, ಅದರೊಳಗೆ ವೃತ್ತ, ಎರಡು ಕರ್ಣಗಳು ಬರೆಸಿ. ಹಾಳೆ ಕದಲಿಸದೆ ಅದನ್ನೇ ಮತ್ತೆ ಮತ್ತೆ ಅದೇ ಜಾಗದಲ್ಲಿ ಬರೆಸಿ. ಆಮೇಲೆ ಮೂರು ವಿಷಯ ಹೇಳಿ: ಗೆರೆಗಳು ಒಂದರ ಮೇಲೊಂದು ಕೂತವೋ ಇಲ್ಲವೋ, ಮೂಲೆ ಚೂಪಾಗಿದೆಯೋ ಕೊಕ್ಕೆ ಇದೆಯೋ, ಬದಿಯ ಅಳತೆ ಎಷ್ಟು. ಆ ದೊಡ್ಡ ಡಿಸೈನನ್ನೂ ಪೆನ್ನಲ್ಲೇ ಬರೆಸಿ.

ಅಂಚುಗೆರೆ:

ಮಾಡಿದೆ. ಎಷ್ಟು ಸಲ ಬರೆಸಿದರೂ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಕರ್ಣ ಎರಡೂ ಸಮ. ಆದರೆ ಇಂಕ್‌ಸ್ಕೇಪ್‌ನಲ್ಲಿ ಆಫ್‌ಸೆಟ್ 0 ಇದ್ದರೂ ಪ್ರತಿ ಮೂಲೆಯಲ್ಲಿ ಕಣ್ಣಿಟ್ಟು ನೋಡಿದರೆ ಕಾಣುವಷ್ಟು ಸಣ್ಣ ಕೊಕ್ಕೆ ಇದೆ. ಅಳತೆ ಪೆನ್ನಲ್ಲೂ 101.6, ಉದ್ದಕ್ಕೂ ಅಗಲಕ್ಕೂ. ದೊಡ್ಡ ಡಿಸೈನ್‌ನಲ್ಲಿ ಅಡ್ಡಗೆರೆ ಬಂದೇ ಬಂತು, ಹೆಚ್ಚು ಕಡಿಮೆ ಅದೇ ಜಾಗದಲ್ಲಿ.

ನೇರಗೆರೆ:

ತುಂಬಾ ಒಳ್ಳೆಯ ಫಲಿತಾಂಶ ಇದು. ಗೆರೆ ಮೇಲೆ ಗೆರೆ ಕೂತಿದೆ ಅಂದರೆ ರೋಲರ್, ಬೆಲ್ಟ್, ಮೋಟರ್ ಚೆನ್ನಾಗಿವೆ. ಸ್ಕ್ರೂ ಬಿಚ್ಚುವ ಕೆಲಸವೇ ಇಲ್ಲ.

ಈಗ ಆ ಕೊಕ್ಕೆ. ಕಟರ್ ಬ್ಲೇಡಿನ ತುದಿ ಅದರ ಅಕ್ಷದ ನಡುವೆ ಇರುವುದಿಲ್ಲ, ಸ್ವಲ್ಪ ಪಕ್ಕಕ್ಕಿರುತ್ತದೆ. ಸಾಮಾನ್ಯವಾಗಿ 0.25 ಮಿ.ಮೀ. ಗಾಡಿ (ಬ್ಲೇಡ್ ಹೊತ್ತು ಓಡುವ ಭಾಗ) ಮುಂದೆ ಹೋದಂತೆ ತುದಿ ಹಿಂದಿನಿಂದ ಎಳೆದುಕೊಂಡು ಬರುತ್ತದೆ. ಹಾಗಾಗಿ ಮೂಲೆ ಬಂದಾಗ ಗಾಡಿ ಸ್ವಲ್ಪ ಮುಂದೆ ಹೋಗಿ, ಒಂದು ಸಣ್ಣ ಕಮಾನು ಹೊಡೆದು, ಬ್ಲೇಡನ್ನು ತಿರುಗಿಸಿ ಆಮೇಲೆ ಹೊಸ ದಿಕ್ಕಿಗೆ ಹೊರಡಬೇಕು. ಈ ಲೆಕ್ಕ ಮಾಡುವವರು ಒಬ್ಬರೇ ಇರಬೇಕು: ಸಾಫ್ಟ್‌ವೇರ್ ಇಲ್ಲವೇ ಮಷಿನ್. ಇಂಕ್‌ಸ್ಕೇಪ್‌ನಲ್ಲಿ 0 ಇಟ್ಟರೂ ನಿಮ್ಮ ಪೆನ್ ಕೊಕ್ಕೆ ಹೊಡೆಯುತ್ತಿದೆ. ಅಂದರೆ ಮಷಿನ್ ತಾನೇ ಆ ಲೆಕ್ಕ ಮಾಡುತ್ತಿದೆ. ಇಂಕ್‌ಸ್ಕೇಪ್ ಕೂಡ ತನ್ನ ಕಡೆಯಿಂದ 0.25 ಸೇರಿಸುತ್ತಿತ್ತು. ಎರಡೂ ಸೇರಿ 0.5ರ ಹಾಗೆ ಆಯಿತು, ಬ್ಲೇಡ್ ಮಾತ್ರ 0.25ರದ್ದು. ಕಿವಿ ಬಂದದ್ದು ಅದಕ್ಕೇ. ವೃತ್ತ ಕೂಡದಿರುವುದಕ್ಕೂ ಇದೇ ಕಾರಣ ಇರಬಹುದು.

ಮೆನುವಿನ ಆಫ್‌ಸೆಟ್ ಮಷಿನ್ ಆಫ್ ಮಾಡಿದ ಮೇಲೂ ಉಳಿಯುತ್ತದಾ ನೋಡಿ. ಉಳಿದರೆ ಅಲ್ಲೇ 0.25 ಇರಲಿ, ಇಂಕ್‌ಸ್ಕೇಪ್‌ನಲ್ಲಿ 0. ಉಳಿಯದಿದ್ದರೆ ಉಲ್ಟಾ ಮಾಡಿ. ಆಮೇಲೂ ಕಿವಿ ಕಂಡರೆ ಆಫ್‌ಸೆಟ್ ಸ್ವಲ್ಪ ಇಳಿಸಿ. ಮೂಲೆ ದುಂಡಗಾದರೆ ಸ್ವಲ್ಪ ಏರಿಸಿ. ಒಮ್ಮೆಗೆ 0.05 ಸಾಕು. ಓವರ್‌ಕಟ್ ಬೇರೆ ವಿಷಯ. ಅದು ಶುರುವಾದ ಜಾಗ ದಾಟಿ ಚೂರು ಮುಂದಕ್ಕೆ ಕತ್ತರಿಸುತ್ತದೆ. ಅದನ್ನು 0.5ರಿಂದ 1 ಮಿ.ಮೀ. ಒಳಗೆ ಇಟ್ಟುಕೊಳ್ಳಿ.

ಅಳತೆಯದ್ದು ಸುಲಭ. ಎಚ್‌ಪಿಜಿಎಲ್‌ನಲ್ಲಿ ಒಂದು ಹೆಜ್ಜೆ 0.025 ಮಿ.ಮೀ., ಅಂದರೆ ಇಂಚಿಗೆ 1016. ಇಂಕ್‌ಸ್ಕೇಪ್ ಅದೇ ಲೆಕ್ಕದಲ್ಲಿ ಕಳಿಸುತ್ತಿದೆ. ನಿಮ್ಮ ಮಷಿನ್ ಇಂಚಿಗೆ 1000 ಅಂತ ಓದುತ್ತಿದೆ. ವ್ಯತ್ಯಾಸ 1.6 ಶೇಕಡಾ, ನಿಮ್ಮ 101.6 ಬಂದದ್ದು ಅಲ್ಲಿಂದ. ಇಂಕ್‌ಸ್ಕೇಪ್‌ನಲ್ಲಿ ರೆಸಲ್ಯೂಶನ್ ಎಕ್ಸ್, ವೈ ಎರಡನ್ನೂ 1000 ಮಾಡಿ. ಡಿಸೈನನ್ನು ಕುಗ್ಗಿಸಿ ಸರಿ ಮಾಡಲು ಹೋಗಬೇಡಿ, ಪ್ರತಿ ಫೈಲಿಗೂ ಅದೇ ಪಾಡಾಗುತ್ತದೆ.

ಕಪ್ಪುಹಾಳೆ:

ಅಡ್ಡಗೆರೆ ಬಗ್ಗೆ ನಾನು ಹೇಳುತ್ತೇನೆ. ಪ್ಲಾಟ್ ಎಕ್ಸ್‌ಟೆನ್ಷನ್‌ನಲ್ಲಿ ಫ್ಲೋ ಕಂಟ್ರೋಲ್ ಯಾವುದಿದೆ ನೋಡಿ. ಈ ಮಷಿನ್‌ಗಳ ಮೆಮೊರಿ ಚಿಕ್ಕದು. ಅದು ತುಂಬಿದಾಗ "ತಡಿ" ಅಂತ ಕಂಪ್ಯೂಟರ್‌ಗೆ ಹೇಳಬೇಕು. ಫ್ಲೋ ಕಂಟ್ರೋಲ್ ಇಲ್ಲದಿದ್ದರೆ ಕಂಪ್ಯೂಟರ್ ಸುಮ್ನೆ ಕಳಿಸುತ್ತಲೇ ಇರುತ್ತದೆ, ನಡುವಿನ ಆದೇಶಗಳು ಕಳೆದುಹೋಗುತ್ತವೆ. ಕಳೆದದ್ದು "ಪೆನ್ ಎತ್ತು" ಅನ್ನುವ ಪಿಯು ಆದೇಶವಾದರೆ, ಎತ್ತದೆಯೇ ಮುಂದಿನ ಜಾಗಕ್ಕೆ ಹೋಗುತ್ತದೆ. ನಿಮ್ಮ ಅಡ್ಡಗೆರೆ ಅದೇ. ಚಿಕ್ಕ ಡಿಸೈನ್ ಪೂರ್ತಿ ಮೆಮೊರಿಯಲ್ಲಿ ಹಿಡಿಯುವುದರಿಂದ ಅದರಲ್ಲಿ ಕಾಣುವುದಿಲ್ಲ.

ಫ್ಲೋ ಕಂಟ್ರೋಲ್ ಪಟ್ಟಿಯಲ್ಲಿ ಹಾರ್ಡ್‌ವೇರ್ ಆರ್‌ಟಿಎಸ್/ಸಿಟಿಎಸ್ ಆರಿಸಿ. ಅದು ಕೆಲಸ ಮಾಡದಿದ್ದರೆ ಎಕ್ಸ್‌ಆನ್/ಎಕ್ಸ್‌ಆಫ್ ನೋಡಿ. ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಎರಡೂ ಕಡೆ ಒಂದೇ ಇರಬೇಕು, ಸಾಮಾನ್ಯವಾಗಿ 9600. ಒಂದು ಮಾತು ನೆನಪಿರಲಿ: ಚೆನ್ನಾಗಿ ಬರಲಿ ಅಂತ ಕತ್ತರಿಸುವ ಸ್ಪೀಡ್ ಇಳಿಸಿದರೆ ಮೆಮೊರಿ ಇನ್ನೂ ನಿಧಾನವಾಗಿ ಖಾಲಿಯಾಗುತ್ತದೆ, ಅಡ್ಡಗೆರೆ ಜಾಸ್ತಿಯಾಗುತ್ತದೆ. ತುಂಬಾ ಜನ ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ.

ಫೋಟೋದಿಂದ ಟ್ರೇಸ್ ಮಾಡಿದ ಡಿಸೈನ್ ಆಗಿದ್ದರೆ ಬೇಡದ ನೋಡ್‌ಗಳು (ಗೆರೆಯ ಮೇಲಿನ ಬಿಂದುಗಳು) ರಾಶಿ ಇರುತ್ತವೆ. ಪಾತ್ ಮೆನುವಿನ ಸಿಂಪ್ಲಿಫೈ ಒಮ್ಮೆ ಒತ್ತಿ. ಅಂಚೂ ನಯವಾಗುತ್ತದೆ.

ಅಡ್ಡಗೆರೆ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಬಂದಿದ್ದರೆ ನಾನು ಕೇಬಲ್ ಮತ್ತು ಅರ್ಥಿಂಗ್ ಮೇಲೆ ಅನುಮಾನ ಪಡುತ್ತಿದ್ದೆ. ವಿನೈಲ್ ಎಳೆಯುವಾಗ ಸ್ಟ್ಯಾಟಿಕ್ ಕೂಡುತ್ತದೆ, ಯುಎಸ್‌ಬಿ ಸಂಪರ್ಕ ಕೈಕೊಡುತ್ತದೆ. ನಿಮ್ಮದರಲ್ಲಿ ಹಾಗೆ ಅನಿಸುವುದಿಲ್ಲ.

ಅಂಚುಗೆರೆ:

ಆರ್‌ಟಿಎಸ್/ಸಿಟಿಎಸ್ ಹಾಕಿದ ಮೇಲೆ ದೊಡ್ಡ ಡಿಸೈನ್ ಪೂರ್ತಿ ಬಂತು! ಚೌಕ ಈಗ ನೂರಕ್ಕೆ ನೂರು. ಬ್ಲೇಡ್ ವಾಪಸ್ ಹಾಕಿದೆ, ಮೂಲೆಗಳು ಚೂಪಾಗಿವೆ, ವೃತ್ತ ಕೂಡುತ್ತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಉಳಿದಿರುವುದು ಚಿಕ್ಕ ಅಕ್ಷರ ಏಳುವುದೊಂದೇ. 8 ಮಿ.ಮೀ. ಎತ್ತರದ ಅಕ್ಷರಗಳು. ಬ್ಯಾಕಿಂಗ್ ಪೇಪರ್ ಹಿಂದಿನಿಂದ ನೋಡಿದರೆ ಗೆರೆಗಳು ಉಬ್ಬಿ ಕಾಣುತ್ತವೆ.

ನೇರಗೆರೆ:

ಹಿಂದೆ ಉಬ್ಬಿದೆ ಅಂದರೆ ಬ್ಲೇಡ್ ಜಾಸ್ತಿ ಹೊರಗಿದೆ. ಸ್ಟಿಕರ್ ವಿನೈಲ್ ಫಿಲ್ಮ್ ಬಹುಪಾಲು 0.06ರಿಂದ 0.08 ಮಿ.ಮೀ. ದಪ್ಪ, ಅಷ್ಟೇ. ತುದಿ ಕಾಗದದೊಳಗೆ ಇಳಿದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಸಣ್ಣ ತಿರುವುಗಳಲ್ಲಿ ತಿರುಗದೆ ಅಕ್ಷರವನ್ನೇ ಎಳೆದು ಎಬ್ಬಿಸುತ್ತದೆ.

ಹೋಲ್ಡರ್ ಹೊರಗೆ ತೆಗೆದು ಪೆನ್ಸಿಲ್ ಹಾಗೆ ಕೈಯಲ್ಲಿ ಹಿಡಿದು ವಿನೈಲ್ ತುಂಡಿನ ಮೇಲೆ ಒತ್ತಿ ಎಳೆಯಿರಿ. ಗಟ್ಟಿಯಾಗಿ ಒತ್ತಿದರೂ ಫಿಲ್ಮ್ ಮಾತ್ರ ಕತ್ತರಿಸಿ, ಕಾಗದದ ಮೇಲೆ ಗುರುತಷ್ಟೇ ಬೀಳಬೇಕು. ಅಲ್ಲಿಯವರೆಗೆ ಬ್ಲೇಡ್ ಒಳಗೆ ತಿರುಗಿಸಿ. ಫೋರ್ಸ್ ಆಮೇಲೆ: ಕಡಿಮೆಯಿಂದ ಶುರು ಮಾಡಿ, ಪೂರ್ತಿ ಕತ್ತರಿಸುವವರೆಗೆ ಸ್ವಲ್ಪ ಸ್ವಲ್ಪ ಏರಿಸಿ. ಆಳವನ್ನು ಫೋರ್ಸ್‌ನಿಂದ, ಫೋರ್ಸನ್ನು ಆಳದಿಂದ ಸರಿದೂಗಿಸಲು ಹೋದರೆ ಯಾವುದೂ ನಿಲ್ಲುವುದಿಲ್ಲ.

ಬ್ಲೇಡನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ಎಲ್ಲೂ ತಡೆಯದೆ ತಿರುಗಬೇಕು. ಹೋಲ್ಡರ್ ಒಳಗೆ ವಿನೈಲ್ ಚೂರು, ಅಂಟು ಸಿಕ್ಕಿಕೊಂಡಿರುವುದು ತುಂಬಾ ಸಾಮಾನ್ಯ. ಸ್ವಚ್ಛ ಮಾಡಿ ಒಂದು ಹನಿ ತೆಳು ಎಣ್ಣೆ ಬಿಡಿ.

ಕಪ್ಪುಹಾಳೆ:

ಜೊತೆಗೆ ಕಟಿಂಗ್ ಸ್ಟ್ರಿಪ್ ಮೇಲೆ ಉಗುರು ಆಡಿಸಿ. ಬ್ಲೇಡ್ ಕೆಳಗಿರುವ ಬಿಳಿ ಪಟ್ಟಿ ಅದು. ಹಳೇ ಮಷಿನ್ ಆದ್ದರಿಂದ ಗೀರುಗಳು ಆಗಿರಬಹುದು. ಅಗಲದಲ್ಲಿ ಯಾವುದೋ ಒಂದೇ ಜಾಗದಲ್ಲಿ ಮಾತ್ರ ಸರಿಯಾಗಿ ಕತ್ತರಿಸದಿದ್ದರೆ ಅದೇ ಕಾರಣ. ಪಟ್ಟಿ ಕಿತ್ತು ಹೊಸದು ಅಂಟಿಸಿದರೆ ಸಾಕು.

ಚಿಕ್ಕ ಅಕ್ಷರಕ್ಕೆ 60 ಡಿಗ್ರಿ ಬ್ಲೇಡ್ ಹಾಕಿ ಅಂತ ಯಾರಾದರೂ ಹೇಳಬಹುದು. ಕೆಲಸ ಮಾಡುತ್ತದೆ, ಆದರೆ ಅದರ ತುದಿ ನಾಜೂಕು. 8 ಮಿ.ಮೀ.ಗೆ ನಿಮ್ಮ 45 ಸಾಕು ಅಂತ ನನ್ನ ಅಭಿಪ್ರಾಯ. ಮೊದಲು ಸ್ಪೀಡ್ ಅರ್ಧ ಮಾಡಿ ನೋಡಿ, ಈಗ ಫ್ಲೋ ಕಂಟ್ರೋಲ್ ಇದೆ, ಹೆದರಬೇಕಿಲ್ಲ. ಉದ್ದ ಕೆಲಸವಿದ್ದರೆ ರೋಲ್‌ನಿಂದ ಬೇಕಾದಷ್ಟು ವಿನೈಲ್ ಮೊದಲೇ ಎಳೆದು ಸಡಿಲ ಬಿಡಿ. ಮೋಟರ್ ಇಡೀ ರೋಲನ್ನು ಎಳೆಯುವಂತಾದರೆ ಹಾಳೆ ಒತ್ತಿ ಹಿಡಿಯುವ ಪಿಂಚ್ ರೋಲರ್ ಕೆಳಗೆ ಹಾಳೆ ಜಾರುತ್ತದೆ, ಆಗ ವೃತ್ತ ಮತ್ತೆ ಕೂಡದೇ ಹೋಗುತ್ತದೆ.

ಅಂಚುಗೆರೆ:

ಬ್ಲೇಡ್ ಒಳಗೆ ತಿರುಗಿಸಿ, ಸ್ಪೀಡ್ ಇಳಿಸಿದೆ. ಅಕ್ಷರ ಏಳುತ್ತಿಲ್ಲ. ಹೋಲ್ಡರ್‌ನಲ್ಲಿ ನಿಜವಾಗಿಯೂ ಒಂದು ಚೂರು ವಿನೈಲ್ ಇತ್ತು. ಸ್ಟ್ರಿಪ್ ಎಡಗಡೆ ಗೀರಿದೆ, ಹೊಸದು ಬರುವವರೆಗೆ ಬಲಗಡೆಯೇ ಕತ್ತರಿಸುತ್ತೇನೆ. ಬೇರೆಯವರಿಗೆ ಬೇಕಾದರೆ ನನ್ನ ಸೆಟ್ಟಿಂಗ್: ರೆಸಲ್ಯೂಶನ್ 1000, ಇಂಕ್‌ಸ್ಕೇಪ್ ಆಫ್‌ಸೆಟ್ 0, ಮಷಿನ್ ಆಫ್‌ಸೆಟ್ 0.25, ಓವರ್‌ಕಟ್ 0.5, ಬಾಡ್ 9600, ಆರ್‌ಟಿಎಸ್/ಸಿಟಿಎಸ್.