ನೂರು ಪಿಂಗ್‌ನಲ್ಲಿ ಎಂಟು ಮಾಯ: ಅನುಭವವಿದ್ದವರು ಹೇಳಿ

ಶಿರಸಿ ಕಡೆಯವನು: ಮನೆಯಿಂದಲೇ ಕೆಲಸ, ಫೈಬರ್ ಸಂಪರ್ಕ. ಗೂಗಲ್ ಸರ್ವರ್ 8.8.8.8ಕ್ಕೆ ನೂರು ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ) ಕಳುಹಿಸಿದರೆ ಎಂಟಕ್ಕೆ ಉತ್ತರವಿಲ್ಲ. ಸಂಜೆ ಇನ್ನೂ ಹೆಚ್ಚು, ಬೆಳಗಿನ ಜಾವ ಸೊನ್ನೆ. ರೂಟರ್ ಬದಲಿಸಲೇ, ಕಂಪನಿಯನ್ನೇ ಬಿಡಲೇ?

ತೋಟದಮನೆ: ರೂಟರ್ ಮುಟ್ಟಬೇಡಿ. ನಾನು 4,200 ರೂಪಾಯಿ ಸುರಿದು ಹೊಸದು ತಂದೆ, ಪಿಂಗ್ ನಷ್ಟ ಹಾಗೆಯೇ ಇತ್ತು. ಬುದ್ಧಿ ಬಂದ ಮೇಲೆ ರೂಟರಿನದೇ ವಿಳಾಸ 192.168.1.1ಕ್ಕೆ ಪಿಂಗ್ ಮಾಡಿದೆ, ಒಂದೂ ತಪ್ಪಲಿಲ್ಲ; ಅಂದರೆ ದೋಷ ರೂಟರಿನಿಂದ ಆಚೆ. ಲೈನಿನ ಹುಡುಗ ಮೂರು ಸಲ ಬಂದ, ಮೂರು ಸಲವೂ ರೂಟರ್ ಆರಿಸಿ ಹಚ್ಚಿ, ಚಹಾ ಕುಡಿದು ಹೋದ. ನಾಲ್ಕನೆಯ ಸಲ ಫೈಬರಿನ ಬೆಳಕಿನ ಬಲ ಅಳೆಯುವ ಮೀಟರ್ ತಂದ: ಮೈನಸ್ 29 ಡಿಬಿಎಂ, ತೀರಾ ಕ್ಷೀಣ! ಅಡಿಕೆ ಮರಕ್ಕೆ ಬಿಗಿದ ಕಡೆ ಕೇಬಲ್ ಮಡಚಿಕೊಂಡಿತ್ತು. ಬಿಚ್ಚಿದ ಕೂಡಲೇ ಮೈನಸ್ 21. ಹೊಸ ರೂಟರ್ ಅಟ್ಟದ ಮೇಲಿದೆ.

ಇಪ್ಪತ್ತು ವರ್ಷ ಇದೇ ಕೆಲಸ: ಆ ಪಿಂಗ್ ವೈಫೈಯಲ್ಲಿ ಮಾಡಿದ್ದೋ, ತಂತಿಯಲ್ಲೋ? ಅದನ್ನೇ ಹೇಳದೆ ಉಪದೇಶ! ನಾನು ಕಂಪನಿಗೆ 14 ದೂರು ಕೊಟ್ಟು ಜಗಳವಾಡಿದೆ. ಕಳ್ಳ ಇದ್ದದ್ದು ನನ್ನ ಮಹಡಿಯ ಕೇಬಲ್‌ನಲ್ಲಿ. ತಾಮ್ರವೆಂದು ಕೊಟ್ಟದ್ದು ತಾಮ್ರ ಬಳಿದ ಅಲ್ಯೂಮಿನಿಯಂ. ಚಾಕುವಿನಿಂದ ಕೆರೆದರೆ ಬೆಳ್ಳಗೆ. 60 ಮೀಟರ್, ಮೀಟರಿಗೆ 18 ರೂಪಾಯಿ, ತುದಿಗೆ ಪ್ಲಗ್ ಕೂರಿಸುವ ಕ್ರಿಂಪಿಂಗ್ ಖರ್ಚು ಬೇರೆ.

ತೋಟದಮನೆ: ತಂತಿಯಲ್ಲಿಯೇ ಮಾಡಿದ್ದು. ಕೇಬಲ್ ಕೆರೆದು ನೋಡದೆ ಕೊಂಡವರು ನನಗೆ ಪಾಠ ಹೇಳುವುದು ಬೇಡ.

ರಾತ್ರಿಪಾಳಿ: ನಾನು ಟ್ರೇಸ್‌ರೂಟ್‌ನಲ್ಲಿ (ಸಂದೇಶ ಹೋಗುವ ದಾರಿ ತೋರಿಸುವ ಪರೀಕ್ಷೆ) ಮೂರನೆಯ ಹಾಪ್, ಅಂದರೆ ದಾರಿಯ ಮೂರನೆಯ ರೂಟರ್‌ಗೆ ನೂರಕ್ಕೆ 60 ನಷ್ಟ ಕಂಡು ಫೋನಿನಲ್ಲಿ ಕೂಗಾಡಿದೆ. ಆ ಕಡೆಯ ಹುಡುಗಿ ಕೇಳಿದಳು, 'ಕೊನೆಯ ಹಾಪ್‌ನಲ್ಲಿ ಎಷ್ಟು, ಸರ್?' ಸೊನ್ನೆ! ನಡುವಿನ ರೂಟರ್‌ಗಳು ಸಂಚಾರ ಸಾಗಿಸುವುದನ್ನು ಮೊದಲು ನೋಡಿಕೊಂಡು, ಪಿಂಗ್‌ಗೆ ಬಿಡುವಾದಾಗ ಉತ್ತರಿಸುತ್ತವಂತೆ. ಆ ಅವಮಾನ ಇನ್ನೂ ಆರಿಲ್ಲ.

ಇಪ್ಪತ್ತು ವರ್ಷ ಇದೇ ಕೆಲಸ: ಇದು ಯಾರಿಗೆ ಗೊತ್ತಿಲ್ಲ? ಮಡಚಿದ ಫೈಬರ್ ಬೆಳಗಿನ ಜಾವ ನೆಟ್ಟಗಾಗುತ್ತದೆಯೇ? ಸಂಜೆ ಮಾತ್ರವೆಂದರೆ ಕಂಪನಿಯ ಕಡೆ ದಟ್ಟಣೆ. ಒಂದು ವಾರ ಗಂಟೆಗೊಮ್ಮೆ ಪಿಂಗ್ ಬರೆದಿಟ್ಟು ಅವರ ಮುಖಕ್ಕೆ ಹಿಡಿಯಿರಿ.

ತೋಟದಮನೆ: ಬರೆದಿಟ್ಟಿದ್ದೆ. ಹಾಳೆಯನ್ನು ಮಂಗ ಒಯ್ದಿತು.

ಇಪ್ಪತ್ತು ವರ್ಷ ಇದೇ ಕೆಲಸ: ಕೇಬಲ್ ಮಡಚಿದ್ದೂ ಮಂಗವೇ ಇರಬೇಕು, ಪಾಪ ಮರವನ್ನು ಬೈದಿರಿ.

ಶಿರಸಿ ಕಡೆಯವನು: ಅಟ್ಟದ ಮೇಲಿನ ರೂಟರ್ ಎಷ್ಟಕ್ಕೆ ಕೊಡುತ್ತೀರಿ?